ಕಿಟಕಿ ಪಕ್ಕ ಬಿಸಿಲು ಕಾಯಿಸಿಕೊಂಡರೂ ವಿಟಮಿನ್ ಡಿ ಯಾಕೆ ಕಮ್ಮಿ?

ಪ್ರಶ್ನೆ: ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ, ಬಿ12 ಎರಡೂ ಕಡಿಮೆ ಬಂದಿವೆ. ದಿನಾ ಬೆಳಗ್ಗೆ ಮುಚ್ಚಿದ ಕಿಟಕಿ ಪಕ್ಕ ಬಿಸಿಲಿಗೆ ಕೂರುತ್ತೇನೆ. ಸೊಪ್ಪು, ತರಕಾರಿ ಚೆನ್ನಾಗಿ ತಿನ್ನುತ್ತೇನೆ. ಮಾಂಸ, ಮೊಟ್ಟೆ ತಿನ್ನುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿತ್ತಾ? ಏನು ಮಾಡಿದಿರಿ?

ಉತ್ತರ: ಅಡ್ಡ ಬಂದಿರುವುದು ಗಾಜು. ನಮ್ಮ ಚರ್ಮದಲ್ಲಿ ಕೊಲೆಸ್ಟ್ರಾಲ್ ಜಾತಿಯ ಒಂದು ವಸ್ತು ಇರುತ್ತದೆ. ಬಿಸಿಲಿನ ಯುವಿ-ಬಿ ಕಿರಣ ತಾಗಿದಾಗ ಅದೇ ವಿಟಮಿನ್ ಡಿ ಆಗುತ್ತದೆ. ಆಮೇಲೆ ಲಿವರ್, ಕಿಡ್ನಿ ಎರಡೂ ಸೇರಿ ಅದನ್ನು ಮೈ ಬಳಸುವ ರೂಪಕ್ಕೆ ತರುತ್ತವೆ. ಕಿಟಕಿಯ ಗಾಜು ಬೆಳಕನ್ನೂ ಬಿಸಿಯನ್ನೂ ಒಳಗೆ ಬಿಡುತ್ತದೆ, ಯುವಿ-ಬಿಯನ್ನು ಮಾತ್ರ ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ಮೈ ಬೆಚ್ಚಗಾಯಿತು ಅಂದ ಮಾತ್ರಕ್ಕೆ ಡಿ ಸಿಕ್ಕಿತು ಅಂತಲ್ಲ.

ಹೊತ್ತು ಕೂಡ ನೋಡಿಕೊಳ್ಳಿ. ಎಳೆ ಬಿಸಿಲು ಹಿತವಾಗಿರುತ್ತದೆ, ಆದರೆ ಸೂರ್ಯ ಕೆಳಗಿದ್ದಾಗ ಯುವಿ-ಬಿ ತೀರಾ ಕಮ್ಮಿ. ನಾನು ನೆರಳು ನೋಡುತ್ತೇನೆ. ನೆರಳು ನನಗಿಂತ ಗಿಡ್ಡ ಇದ್ದಾಗ ತೋಳು, ಕಾಲಿಗೆ ಬಿಸಿಲು ಬೀಳುವಂತೆ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇನೆ. ಚರ್ಮ ಕೆಂಪಾಗಿ ಉರಿಯುವವರೆಗೆ ಖಂಡಿತಾ ಬೇಡ. ಹೆಚ್ಚಾದ ಡಿಯನ್ನು ಬಿಸಿಲೇ ಚರ್ಮದಲ್ಲಿ ಒಡೆದುಹಾಕುತ್ತದೆ, ಹಾಗಾಗಿ ಜಾಸ್ತಿ ನಿಂತು ಲಾಭವೂ ಇಲ್ಲ. ಮೈಬಣ್ಣ ಕಪ್ಪಿದ್ದಷ್ಟೂ ಹೆಚ್ಚು ಹೊತ್ತು ಬೇಕಾಗುತ್ತದೆ.

ಉತ್ತರ: ಬಿ12ಗೂ ಬಿಸಿಲಿಗೂ ಸಂಬಂಧವಿಲ್ಲ. ಸೊಪ್ಪು ಒಳ್ಳೆಯದೇ, ಆದರೆ ಅದರಿಂದ ಬಿ12 ಸಿಗುವುದಿಲ್ಲ. ಮಾಂಸ, ಮೀನು, ಮೊಟ್ಟೆ ಬಿಟ್ಟರೆ ಉಳಿಯುವುದು ಹಾಲು, ಮೊಸರು, ಇಲ್ಲವೇ ಬಿ12 ಸೇರಿಸಿದ ಆಹಾರ. ನನಗೆ ಕಮ್ಮಿಯಾದಾಗ ಪಾದ ಜುಮ್ಮೆನ್ನುತ್ತಿತ್ತು, ಯಾವಾಗಲೂ ಸುಸ್ತು. ಡಾಕ್ಟರು ಮಾತ್ರೆ ಕೊಟ್ಟ ಮೇಲೆ ಸರಿಹೋಯಿತು. ನಿಮಗೂ ಜುಮ್ಮೆನ್ನುತ್ತಿದ್ದರೆ ದಯವಿಟ್ಟು ತಡಮಾಡಬೇಡಿ, ನರಗಳಿಗೆ ತೊಂದರೆಯಾಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅದರಿಂದಲೂ ಬಿ12 ಇಳಿಯಬಹುದು.

ಉತ್ತರ: ಮೇಲಿನವರು ಹೇಳಿದ್ದು ಸರಿ. ಡಿ ಮಾತ್ರೆ ಬರೆದುಕೊಟ್ಟರೆ ಎಣ್ಣೆ, ಬೆಣ್ಣೆ ಇರುವ ಊಟದ ಜೊತೆ ತೆಗೆದುಕೊಳ್ಳಿ. ಡಿ ಕರಗುವುದು ಕೊಬ್ಬಿನಲ್ಲಿ, ಎ, ಇ, ಕೆ ಕೂಡ ಹಾಗೇ. ಮಾತ್ರೆಯನ್ನು ಸುಮ್ನೆ ಜಾಸ್ತಿ ನುಂಗಬೇಡಿ. ಡಿ ಮೈಯಲ್ಲೇ ಉಳಿಯುತ್ತದೆ, ವಿಪರೀತವಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ಸಸ್ಯಾಹಾರಿಗಳಿಗೆ ಇನ್ನೊಂದು ದಾರಿ ಇದೆ, ಅಣಬೆ. ಹೆಚ್ಚಿ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಅದರಲ್ಲೂ ಡಿ ಹುಟ್ಟುತ್ತದೆ. ಅದನ್ನೂ ಗಾಜಿನ ಹಿಂದೆ ಇಡಬೇಡಿ.