ವಿಡಾಲ್ ಪಾಸಿಟಿವ್ ಬಂದರೆ ಟೈಫಾಯ್ಡ್ ಅಂತಲೇನಾ?

ಸುಮಾ_ತೀರ್ಥಹಳ್ಳಿ: ಮಗಳಿಗೆ ಎರಡು ದಿನದ ಜ್ವರ. ಹತ್ತಿರದ ಕ್ಲಿನಿಕ್‌ನಲ್ಲಿ ಟೈಫಾಯ್ಡ್‌ಗೆ ಮಾಡುವ ವಿಡಾಲ್ ರಕ್ತಪರೀಕ್ಷೆ ಮಾಡಿಸಿದರು, ಓ 1:160 ಅಂದರೆ ಪಾಸಿಟಿವ್ ಬಂತು. ಟೈಫಾಯ್ಡ್ ಅಂತ ಸೆಫ್ಟ್ರಿಯಾಕ್ಸೋನ್ ಅನ್ನೋ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಶುರುವಾಯಿತು. ಮೂರು ದಿನ ಬಿಟ್ಟು ಮೈಮೇಲೆ ಕೆಂಪು ಚುಕ್ಕೆ, ಪ್ಲೇಟ್‌ಲೆಟ್ ಇಳಿಯಿತು. ಬೇರೆ ಕಡೆ ತೋರಿಸಿದರೆ ಡೆಂಗಿ! 1896ರ ಈ ಪರೀಕ್ಷೆಯನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೇವೆ?

ಲ್ಯಾಬ್_ರಾಜು: ಹಳೇದು ಅಂದ ಮಾತ್ರಕ್ಕೆ ಕೆಟ್ಟದ್ದಾ? ಥರ್ಮಾಮೀಟರ್ ಅದಕ್ಕಿಂತ ಹಳೇದು. ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ನಮ್ಮ ತಾಲೂಕಿನಲ್ಲಿ ಎಲ್ಲಿ ಮಾಡುತ್ತಾರೆ, ತೋರಿಸಿ.

ಮೈಕ್ರೋ_ಎಂಡಿ: ಥರ್ಮಾಮೀಟರ್ ಜ್ವರ ಇದ್ದರೆ ಮಾತ್ರ ಏರುತ್ತದೆ. ವಿಡಾಲ್ ಹಾಗಲ್ಲ. ಅದು ಹಿಡಿಯೋದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಹಿಂದೆ ಯಾವತ್ತೋ ಟೈಫಾಯ್ಡ್ ಆಗಿದ್ದರೂ, ಈಗ ಮಲೇರಿಯಾ ಇದ್ದರೂ ಪಾಸಿಟಿವ್ ಬರಬಹುದು. ನಿಜವಾದ ಟೈಫಾಯ್ಡ್‌ನಲ್ಲೇ ಮೊದಲ ವಾರ ನೆಗೆಟಿವ್ ಬರಬಹುದು. ಕೆಲವು ದಿನ ಬಿಟ್ಟು ಇನ್ನೊಮ್ಮೆ ಮಾಡಿ, ಟೈಟರ್, ಅಂದರೆ 1:160 ಥರದ ಆ ಪ್ರತಿಕಾಯದ ಮಟ್ಟ, ನಾಲ್ಕು ಪಟ್ಟು ಏರಿದ್ದರೆ ಅದಕ್ಕೊಂದು ಅರ್ಥ. ಎರಡನೇ ಸಲ ಯಾರು ಮಾಡಿಸುತ್ತಾರೆ ಹೇಳಿ? ಕಲ್ಚರ್ ಆದರೆ ಯಾವ ಔಷಧಿ ಕೆಲಸ ಮಾಡುತ್ತದೆ ಅಂತಲೂ ಗೊತ್ತಾಗುತ್ತದೆ. 2016ರಲ್ಲಿ ಹೈದರಾಬಾದ್‌ನಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಹಬ್ಬಿದ್ದು ಗೊತ್ತಾಗಿದ್ದೇ ಕಲ್ಚರ್‌ನಿಂದ.

ಕಲಬುರಗಿ_ಹುಡುಗ: ಹೈದರಾಬಾದಾ? ನಮ್ಮಣ್ಣ 2015ರಿಂದ ಅಲ್ಲೇ ಇದ್ದಾನೆ. ಅಂಥದ್ದೇನೂ ಆಗಿಲ್ಲ. ಸುಮ್ನೆ ಸುಳ್ಳು ಹಬ್ಬಿಸಬೇಡಿ.

ಮೈಕ್ರೋ_ಎಂಡಿ: ಸಿಂಧ್‌ನ ಹೈದರಾಬಾದ್. ಪಾಕಿಸ್ತಾನದ್ದು.

ಕಲಬುರಗಿ_ಹುಡುಗ: ಹಾಗಂತ ಮೊದಲೇ ಬರೆಯಬೇಕಿತ್ತಲ್ರೀ. ಅಲ್ಲಿನ ಕಾಯಿಲೆ ಕಟ್ಟಿಕೊಂಡು ನಮಗೇನು?

ಲ್ಯಾಬ್_ರಾಜು: ನಾನೂ ಅದನ್ನೇ ಕೇಳಬೇಕು ಅಂತಿದ್ದೆ.

ಮೈಕ್ರೋ_ಎಂಡಿ: ಪ್ರಯಾಣಿಕರ ಜೊತೆ ಅದು ಇಂಗ್ಲೆಂಡ್, ಅಮೆರಿಕಕ್ಕೇ ಹೋಗಿದೆ. 2019ರಲ್ಲಿ ಸಿಂಧ್‌ನ ಮಕ್ಕಳಿಗೆ ಲಸಿಕೆ ಹಾಕಿದರು. ಅದು ನಿಮ್ಮಣ್ಣ ಇರುವ ಹೈದರಾಬಾದ್‌ನ ಭಾರತ್ ಬಯೋಟೆಕ್ ತಯಾರಿಸಿದ್ದು.

ಕಲಬುರಗಿ_ಹುಡುಗ: ನೋಡಿದ್ರಾ! ನಮ್ಮ ಹೈದರಾಬಾದ್ ಕೊಟ್ಟಿದ್ದು ಲಸಿಕೆ. ಹೈದರಾಬಾದ್ ಕರ್ನಾಟಕದವರಿಗೆ ಆ ಊರಿನ ಬೆಲೆ ಗೊತ್ತು.

ಬೀದರ್_ಬಸವ: ಹೈದರಾಬಾದ್ ಕರ್ನಾಟಕ ಯಾವುದು? 2019ರಲ್ಲೇ ಕಲ್ಯಾಣ ಕರ್ನಾಟಕ ಆಗಿದೆ.

ಕಲಬುರಗಿ_ಹುಡುಗ: ಸಂವಿಧಾನದ 371ಜೆ ತೆಗೆದು ಓದಿ. ಹೈದರಾಬಾದ್ ಕರ್ನಾಟಕ ಅಂತಲೇ ಇದೆ.

ಬೀದರ್_ಬಸವ: ಅಲ್ಲಿರಲಿ, ನಿಮ್ಮ ಬಾಯಲ್ಲಿ ಯಾಕೆ? ನಿಜಾಮನ ಋಣ ಇನ್ನೂ ತೀರಿಲ್ವಾ?

ಕಲಬುರಗಿ_ಹುಡುಗ: ಬಾಯಿ ಬಿಗಿ ಹಿಡಿದು ಮಾತಾಡಿ. ನಮ್ಮಜ್ಜ ರಜಾಕಾರರಿಗೆ ಹೆದರಿ ರಾತ್ರೋರಾತ್ರಿ ಊರು ಬಿಟ್ಟವರು. ನನಗೆ ನಿಜಾಮನ ಪಾಠ ಹೇಳ್ತೀರಾ?

ಬೀದರ್_ಬಸವ: ಅಂಥ ಅಜ್ಜನ ಮೊಮ್ಮಗ ಈ ಹೆಸರು ಹಿಡಿದು ಜಗಳಕ್ಕೆ ನಿಲ್ಲೋದಾ!

ಸುಮಾ_ತೀರ್ಥಹಳ್ಳಿ: ನನ್ನ ಮಗಳ ಜ್ವರಕ್ಕೆ ವಾಪಸ್ ಬರೋಣ್ವಾ?

ಲ್ಯಾಬ್_ರಾಜು: ಬರೋಣ. ಡಾಕ್ಟ್ರೇ, ಕಲ್ಚರ್ ಕೂಡ ನೂರಕ್ಕೆ 60 ಕೇಸನ್ನಷ್ಟೇ ಹಿಡಿಯೋದು. ಅದನ್ನು ಯಾಕೆ ಬರೆಯಲಿಲ್ಲ?

ಮೈಕ್ರೋ_ಎಂಡಿ: ಹೌದು, ಹೆಚ್ಚುಕಡಿಮೆ ಅಷ್ಟೇ. ಆ್ಯಂಟಿಬಯೋಟಿಕ್ ನುಂಗಿ ಬಂದವರಲ್ಲಿ ಇನ್ನೂ ಕಡಿಮೆ. ಅದಕ್ಕೇ ಮೊದಲ ಡೋಸ್‌ಗಿಂತ ಮುಂಚೆ ರಕ್ತ ತೆಗೆಯಬೇಕು.

ಲ್ಯಾಬ್_ರಾಜು: 'ಹೌದು' ಅಂದ್ರಲ್ಲ, ನನಗೆ ಅಷ್ಟು ಸಾಕು.

ಮೈಕ್ರೋ_ಎಂಡಿ: ಒಂದು ಪದ ಕಿತ್ತುಕೊಂಡು ಓಡಬೇಡಿ. ಸಿಪ್ರೋಫ್ಲಾಕ್ಸಾಸಿನ್ ಒಂದು ಕಾಲದಲ್ಲಿ ಟೈಫಾಯ್ಡ್‌ಗೆ ರಾಮಬಾಣ. ಸಿಕ್ಕಸಿಕ್ಕ ಜ್ವರಕ್ಕೆಲ್ಲ ಕೊಟ್ಟೆವು. ಈಗ ನಮ್ಮ ದೇಶದ ಹೆಚ್ಚಿನ ತಳಿಗಳ ಮೇಲೆ ಅದನ್ನು ನಂಬುವ ಹಾಗಿಲ್ಲ. ಸಿಂಧ್‌ನಲ್ಲಿ ಕೊನೆಗೆ ಉಳಿದಿದ್ದು ಅಜಿತ್ರೋಮೈಸಿನ್, ಮೆರೋಪೆನೆಮ್. ಎರಡನೆಯದನ್ನು ನರಕ್ಕೇ ಕೊಡಬೇಕು. ನಿಮ್ಮ 1:160 ನೋಡಿ ಎಷ್ಟು ಜನರಿಗೆ ಇಂಜೆಕ್ಷನ್ ಚುಚ್ಚಿರಬಹುದು, ಲೆಕ್ಕ ಹಾಕಿ.

ಲ್ಯಾಬ್_ರಾಜು: 'ನಿಮ್ಮ' 1:160? ಚೀಟಿಯಲ್ಲಿ ವಿಡಾಲ್ ಅಂತ ಬರೆದು ಕಳಿಸೋದು ಯಾರು ಸಾರ್? ನಾನಾ? ಬರೆಯೋದು ಡಾಕ್ಟ್ರು, ಬೈಸಿಕೊಳ್ಳೋದು ಲ್ಯಾಬಿನವರು.

ಸುಮಾ_ತೀರ್ಥಹಳ್ಳಿ: ರಾಜು ಅವರೇ, ಎರಡು ದಿನದ ಜ್ವರಕ್ಕೆ ವಿಡಾಲ್ ಬಂದರೆ 'ಇದು ಈಗ ಬೇಡ' ಅಂತ ನೀವಾದರೂ ಹೇಳಬಹುದಲ್ವಾ?

ಲ್ಯಾಬ್_ರಾಜು: ಹೇಳಿದರೆ ನಾಳೆಯಿಂದ ಚೀಟಿ ಪಕ್ಕದ ಲ್ಯಾಬಿಗೆ ಹೋಗುತ್ತದೆ ಮೇಡಂ.

ಬೀದರ್_ಬಸವ: ಕಲಬುರಗಿಯವರೇ, ಎಲ್ಲಿ ಹೋದ್ರಿ? 'ಕಲ್ಯಾಣ' ಅಂತ ಒಮ್ಮೆ ಬರೆದು ತೋರಿಸಿ, ಆಮೇಲೆ ಟೈಫಾಯ್ಡ್ ಮಾತಾಡೋಣ.