ಹಿಮೋಗ್ಲೋಬಿನ್ 8.5: ಎದೆ ಡವಡವ ಯಾಕೆ?

ಪ್ರಶ್ನೆ (ಚಿಂತಾಮಣಿಯಿಂದ): ಅಕ್ಕನಿಗೆ 34 ವರ್ಷ, ಹಿಮೋಗ್ಲೋಬಿನ್ 8.5 (100 ಮಿ.ಲೀ. ರಕ್ತದಲ್ಲಿ ಇಷ್ಟು ಗ್ರಾಂ). ಮೆಟ್ಟಿಲು ಹತ್ತಿದರೆ ಎದೆ ಡವಡವ. ಇಸಿಜಿಯಲ್ಲಿ ಬಡಿತ ಜೋರಿದೆ, ಬೇರೇನಿಲ್ಲ. ತಿಂಗಳಿಂದ ರಾತ್ರಿ ಮುದ್ದೆ ಉಂಡು ಕಬ್ಬಿಣದ ಮಾತ್ರೆ ನುಂಗುತ್ತಿದ್ದಾಳೆ, ಏರಿಲ್ಲ.

ಉತ್ತರ 1: ಒಂದು ಗ್ರಾಂ ಹಿಮೋಗ್ಲೋಬಿನ್ ಹೊರುವುದು ಸುಮಾರು 1.34 ಮಿ.ಲೀ. ಆಮ್ಲಜನಕ. 13 ಇದ್ದಾಗ 100 ಮಿ.ಲೀ. ರಕ್ತ 17 ಮಿ.ಲೀ. ಒಯ್ದರೆ, 8.5ರಲ್ಲಿ ಬರೀ 11. ಆ ಕೊರತೆ ತುಂಬಲು ಹೃದಯ ಬೇಗ ಬೇಗ ಬಡಿದು, ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಬೆರಳಿನ ಆಕ್ಸಿಮೀಟರ್ 98 ತೋರಿಸಿತೆಂದು ಸಮಾಧಾನಪಡಬೇಡಿ. ಇರುವ ಹಿಮೋಗ್ಲೋಬಿನ್ ಎಷ್ಟು ತುಂಬಿದೆ ಎಂದಷ್ಟೇ ಅದು ಹೇಳುತ್ತದೆ, ಒಟ್ಟು ಎಷ್ಟಿದೆ ಎಂದಲ್ಲ.

ಉತ್ತರ 2: ತೊಡಕು ಮಾತ್ರೆ ನುಂಗುವ ಹೊತ್ತಿನಲ್ಲೇ ಇರಬಹುದು. ರಾಗಿಯ ಫೈಟೇಟ್, ಟ್ಯಾನಿನ್, ಕ್ಯಾಲ್ಸಿಯಂ ಮೂರೂ ಕಬ್ಬಿಣ ಹೀರುವುದಕ್ಕೆ ಅಡ್ಡಿ. ಮುದ್ದೆ ಖಂಡಿತ ಬಿಡಬೇಡಿ, ಮಾತ್ರೆಯನ್ನು ದೂರ ಇಡಿ: ಬೆಳಿಗ್ಗೆ ಖಾಲಿ ಹೊಟ್ಟೆಗೆ, ನಿಂಬೆ ನೀರಿನ ಜೊತೆ. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆಗೆ ಎರಡು ಗಂಟೆ ಅಂತರ. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಡಿ. ಸರಿಯಾಗಿ ಹತ್ತಿದರೆ ನಾಲ್ಕು ವಾರದಲ್ಲಿ 1–2 ಗ್ರಾಂ ಏರಬೇಕು. ಏರಿದ ಮೇಲೂ ಮೂರು ತಿಂಗಳು ಮಾತ್ರೆ ಬೇಕು, ಇಲ್ಲದಿದ್ದರೆ ದೇಹದ ದಾಸ್ತಾನು ತುಂಬುವುದಿಲ್ಲ.

ಉತ್ತರ 3: ಕಾರಣವನ್ನೂ ಹುಡುಕಿಸಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದೆಯೇ? ಕೊಕ್ಕೆಹುಳು, ಮೂಲವ್ಯಾಧಿ? ಫೆರಿಟಿನ್ (ಕಬ್ಬಿಣದ ದಾಸ್ತಾನಿನ ಅಳತೆ), ಬಿ12, ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) ನೋಡಿಸಿ. ಎಂಸಿವಿ ಕಡಿಮೆಯಿದ್ದು ಫೆರಿಟಿನ್ ಸರಿಯಿದ್ದರೆ ಥಲಸ್ಸೀಮಿಯಾ (ಹುಟ್ಟಿನಿಂದ ಬರುವ ಹಿಮೋಗ್ಲೋಬಿನ್ ದೋಷ) ವಾಹಕರೇ ಎಂಬ ಪರೀಕ್ಷೆ ಬೇಕು. ಕೂತಲ್ಲೇ ಉಸಿರುಗಟ್ಟಿದರೆ, ಎದೆನೋವು ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.