ಭೂಮಿಯಲ್ಲೇ ಉಳಿಯುವ ರೋವರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಶಾಲೆಯ ಮಕ್ಕಳಿಗಾಗಿ ಮಂಗಳ ಗ್ರಹದ ರೋವರುಗಳ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಒಂದೇ ಒಂದು ಪದಕ್ಕೆ ಮೂರು ದಿನದಿಂದ ತಡಕಾಡುತ್ತಿದ್ದೇನೆ. ಮಂಗಳಕ್ಕೆ ರೋವರ್ ಕಳಿಸುವವರು ಅಂಥದ್ದೇ ಇನ್ನೊಂದನ್ನು ಕಟ್ಟಿ ಇಲ್ಲೇ ಇಟ್ಟುಕೊಳ್ಳುತ್ತಾರೆ. ಅಲ್ಲಿ ಮಾಡಿಸಬೇಕಾದ ಹೊಸ ಕೆಲಸವನ್ನು ಮೊದಲು ಇದರ ಕೈಲಿ ಮಾಡಿಸಿ ನೋಡುತ್ತಾರೆ. ಅಲ್ಲಿ ಕೆಟ್ಟರೆ ರಿಪೇರಿಗೆ ಯಾರೂ ಹೋಗುವ ಹಾಗಿಲ್ಲವಲ್ಲ. ಇಲ್ಲಿ ಉಳಿಯುವ ಈ ರೋವರಿಗೆ ಏನು ಹೆಸರು?

ನಾನು ಮೊದಲು ಬರೆದದ್ದು ‘ಪ್ರತಿಕೃತಿ’. ಏಳನೇ ಕ್ಲಾಸಿನಲ್ಲಿರುವ ಅಕ್ಕನ ಮಗಳು ಓದಿ, “ಚಿಕ್ಕಮ್ಮ, ಪ್ರತಿಕೃತಿ ಅಂದ್ರೆ ಸುಡೋದಲ್ವಾ?” ಅಂದಳು. ಅವಳು ಕೇಳಿದ್ದು ಸರಿಯೇ. ಪೇಪರಿನಲ್ಲಿ ‘ಪ್ರತಿಕೃತಿ ದಹನ’ ಬಿಟ್ಟರೆ ಆ ಪದ ಅವಳ ಕಣ್ಣಿಗೆ ಬಿದ್ದೇ ಇಲ್ಲ. ‘ನಕಲು’ ಅಂದರೆ ಪರೀಕ್ಷೆಯ ಕಾಪಿ ನೆನಪಾಗುತ್ತದೆ. ‘ಮಾದರಿ’ ಎರಡು ಕಡೆಗೆ ಎಳೆಯುತ್ತದೆ. ಮಾದರಿ ಶಾಲೆ ಅಂದರೆ ಉಳಿದವರು ನೋಡಿ ಕಲಿಯಬೇಕಾದ ಶಾಲೆ. ವಿಧಾನಸೌಧದ ಮಾದರಿ ಅಂದರೆ ಥರ್ಮೋಕೋಲಿನಲ್ಲಿ ಮಾಡಿದ್ದು. ನಮ್ಮ ರೋವರ್ ಎರಡೂ ಅಲ್ಲ.

‘ಅವಳಿ’ ಚೆನ್ನಾಗಿದೆ. ನಾಸಾದವರು ತಾವೇ ಹಾಗೆ ಕರೆಯುತ್ತಾರೆ. ಪರ್ಸಿವಿಯರೆನ್ಸ್ ರೋವರಿನ ಅವಳಿಯ ಹೆಸರು ಆಪ್ಟಿಮಿಸಂ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿರುವ ನಾಸಾದ ಪ್ರಯೋಗಾಲಯ ಜೆಪಿಎಲ್‌ನವರು 2020ರ ಸೆಪ್ಟೆಂಬರಿನಲ್ಲಿ ಅದನ್ನು ತಮ್ಮ ಮಾರ್ಸ್ ಯಾರ್ಡಿಗೆ, ಅಂದರೆ ಮಂಗಳದ ನೆಲದ ಹಾಗೆ ಮಾಡಿಟ್ಟ ಅಂಗಳಕ್ಕೆ, ತಂದರು. ಮಂಗಳದಲ್ಲಿರುವುದು ಪ್ಲುಟೋನಿಯಂ ಕಾವಿನಿಂದ ಕರೆಂಟು ಪಡೆಯುತ್ತದೆ, ಇದಕ್ಕೆ ಹಿಂದಿನಿಂದ ಒಂದು ವೈರು ಎಳೆದಿದ್ದಾರೆ. ಅವಳಿಗಳಲ್ಲಿ ಇಷ್ಟು ವ್ಯತ್ಯಾಸ ಇದ್ದರೇನು? ಹುಬ್ಬಳ್ಳಿ-ಧಾರವಾಡವೂ ಅವಳಿಯೇ.

ಆದರೆ ಕ್ಯೂರಿಯಾಸಿಟಿ ರೋವರಿನದು ಬೇರೆ ಕಥೆ. ಅದಕ್ಕೊಂದು ಅವಳಿ ಇದೆ. ಅದರ ಜೊತೆಗೆ ‘ಸ್ಕೇರ್‌ಕ್ರೋ’ ಅಂತ ಇನ್ನೊಂದಿದೆ. ಕ್ಯೂರಿಯಾಸಿಟಿ ಸುಮಾರು 900 ಕಿಲೋ. ಮಂಗಳದ ಸೆಳೆತ ನಮ್ಮದರ ಶೇಕಡ 38ರಷ್ಟು ಮಾತ್ರ. ಹಾಗಾಗಿ ಅಷ್ಟೂ ಭಾರದ ರೋವರನ್ನು ಇಲ್ಲಿ ಓಡಿಸಿದರೆ ಚಕ್ರ ನೆಲವನ್ನು ಜಾಸ್ತಿ ಒತ್ತುತ್ತದೆ, ಲೆಕ್ಕ ತಪ್ಪುತ್ತದೆ. ಅದಕ್ಕೆ ಕಂಪ್ಯೂಟರು ಗಿಂಪ್ಯೂಟರು ಎಲ್ಲ ತೆಗೆದು, ಕಾಲು ಚಕ್ರ ಉಳಿಸಿ, ಮಂಗಳದಲ್ಲಿ ಎಷ್ಟು ತೂಗುತ್ತದೋ ಅಷ್ಟೇ ಇಲ್ಲಿ ತೂಗುವ ಹಾಗೆ ಇದನ್ನು ಕಟ್ಟಿದ್ದಾರೆ. ‘ವಿಜರ್ಡ್ ಆಫ್ ಆಜ್’ ಕಥೆಯಲ್ಲಿ ಬರುವ ಸ್ಕೇರ್‌ಕ್ರೋಗೆ, ಅಂದರೆ ಬೆರ್ಚಪ್ಪನಿಗೆ, ಮಿದುಳಿರುವುದಿಲ್ಲ. ಇದಕ್ಕೂ ಮಿದುಳಿಲ್ಲ ಅಂತಲೇ ಆ ಹೆಸರು. ‘ಬೆರ್ಚಪ್ಪ’ ಅಂತ ಬರೆಯೋಣ ಅಂದರೆ, ನಮ್ಮ ಬೆರ್ಚಪ್ಪ ಹಕ್ಕಿ ಓಡಿಸುವವನು, ಬೆಳೆಗೆ ದೃಷ್ಟಿ ತಾಗದಂತೆ ನಿಲ್ಲುವವನು. ಮಿದುಳಿಲ್ಲದವನು ಅನ್ನುವ ಅರ್ಥ ನಮ್ಮಲ್ಲಿ ಹೊಳೆಯುವುದೇ ಇಲ್ಲ. ಇದನ್ನು ಅವಳಿ ಅನ್ನಲೂ ಬರುವುದಿಲ್ಲ.

ಆಗ ನೆನಪಾದದ್ದು ದಸರಾ ಆನೆ. ಜಂಬೂ ಸವಾರಿಯ ದಿನ ಅದು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರಬೇಕು. ಅದಕ್ಕೆ ವಾರಗಟ್ಟಲೆ ಮೊದಲೇ ಮರಳಿನ ಮೂಟೆ ಹೊರಿಸಿ ನಡೆಸುತ್ತಾರೆ, ಆಮೇಲೆ ಮರದ ಅಂಬಾರಿ ಕಟ್ಟುತ್ತಾರೆ. ಮರಳಿನ ಮೂಟೆ ಅಂಬಾರಿಯ ಥರ ಕಾಣಬೇಕಾಗಿಲ್ಲ, ತೂಕ ಕೂಡಿದರೆ ಸಾಕು. ಸ್ಕೇರ್‌ಕ್ರೋ ಮಾಡುವುದೂ ಇದನ್ನೇ. ಮೈಸೂರಿನವರು ಇದಕ್ಕೆಲ್ಲ ‘ತಾಲೀಮು’ ಅನ್ನುತ್ತಾರೆ. ಹಾಗಾದರೆ ‘ತಾಲೀಮು ರೋವರ್’ ಅನ್ನಬಹುದಲ್ವಾ? ನೋಡಲು ಹೇಗಿದೆ ಅನ್ನುವುದನ್ನು ಬಿಟ್ಟು, ಯಾವ ಕೆಲಸಕ್ಕೆ ಇದೆ ಅನ್ನುವುದನ್ನು ಹಿಡಿದು ಕರೆದಂತಾಗುತ್ತದೆ. ಅವಳಿಯೂ ಇದರೊಳಗೆ ಬರುತ್ತದೆ, ಮಿದುಳಿಲ್ಲದ್ದೂ ಬರುತ್ತದೆ.

ಒಂದು ಅನುಮಾನ ಮಾತ್ರ ಉಳಿದಿತ್ತು. 2009ರ ಮೇ ತಿಂಗಳಲ್ಲಿ ಸ್ಪಿರಿಟ್ ರೋವರ್ ಮಂಗಳದ ಮೆತ್ತನೆ ಮಣ್ಣಿನಲ್ಲಿ ಹೂತುಹೋಯಿತು. ಜೆಪಿಎಲ್‌ನವರು ಹಿಟ್ಟಿನಂಥ ಪುಡಿಮಣ್ಣು ಬೆರೆಸಿ ತುಂಬಿ, ಇಲ್ಲಿನ ರೋವರನ್ನು ಬೇಕೆಂದೇ ಅದರಲ್ಲಿ ಹೂತರು. ಸ್ಪಿರಿಟ್‌ನ ಮುಂದಿನ ಬಲಗಡೆ ಚಕ್ರ ಮೊದಲೇ ಕೆಟ್ಟಿತ್ತು. ಅದಕ್ಕೆ ಇದರ ಆ ಚಕ್ರವೂ ತಿರುಗದಂತೆ ಮಾಡಿದರು. ಆ ಸಾಲು ಬರೆಯುವಾಗ ನನಗೆ ಗಂಟಲು ಕಟ್ಟಿತು. ಇಷ್ಟೆಲ್ಲ ಮಾಡಿದರೂ ಸ್ಪಿರಿಟ್ ಹೊರಗೆ ಬರಲಿಲ್ಲ. ಸಿಕ್ಕಿಬಿದ್ದ ಮೇಲೆ ಮಾಡುವುದನ್ನೂ ತಾಲೀಮು ಅನ್ನಬಹುದಾ? ಗರಡಿಯಲ್ಲಿ ಪಟ್ಟು ಹಾಕುವುದರ ಜೊತೆಗೆ ಪಟ್ಟಿನಿಂದ ಬಿಡಿಸಿಕೊಳ್ಳುವುದನ್ನೂ ಕಲಿಸುತ್ತಾರೆ. ಹಾಗಾಗಿ ಅನ್ನಬಹುದು ಅಂತ ನನಗನ್ನಿಸುತ್ತದೆ.

ಇನ್ನು ಮಾರ್ಸ್ ಯಾರ್ಡಿಗೆ ‘ಮಂಗಳನ ಅಂಗಳ’ ಹೇಳಿ ಮಾಡಿಸಿದ ಹಾಗಿದೆ. ಆದರೆ ಪೇಪರಿನವರು ಮಂಗಳ ಗ್ರಹವನ್ನೇ ಹಾಗೆ ಕರೆದು ರೂಢಿಯಾಗಿಬಿಟ್ಟಿದೆ. ಇಸ್ರೋದವರು ಚಂದ್ರಯಾನಕ್ಕೆಂದು ತಮಿಳುನಾಡಿನ ಸಿತ್ತಂಪೂಂಡಿ ಕಡೆಯ ಕಲ್ಲಿನಿಂದ ಚಂದ್ರನ ಮಣ್ಣಿನಂಥದ್ದೇ ಮಣ್ಣು ಮಾಡಿ ಬೆಂಗಳೂರಿನಲ್ಲಿ ಹಾಸಿದ್ದರು. ಅಂಥ ಜಾಗಕ್ಕೂ ಒಪ್ಪುವ ಪದ ಬೇಕು. ಮಣ್ಣು ಹದಮಾಡಿ ಹಾಸುವುದರಿಂದ ‘ಗರಡಿ’ ಅನ್ನೋಣ ಅಂತಿದ್ದೇನೆ.

ಉತ್ತರ ಕರ್ನಾಟಕದವರಿಗೆ ಒಂದು ಪ್ರಶ್ನೆ. ನಿಮ್ಮ ಕಡೆ ಗರಡಿಮನೆಗೇ ತಾಲೀಮು ಅನ್ನುತ್ತೀರಲ್ಲ. ‘ತಾಲೀಮು ರೋವರ್’ ಅಂದರೆ ನಿಮಗೆ ಏನು ಹೊಳೆಯುತ್ತದೆ? ಅರ್ಥ ಕೆಡುತ್ತದೆಯೇ? ಬರಹ ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನ ಇದೆ.